ಕೆಳಗಿನಿಂದ ಮೇಲಕ್ಕೆ ಓದುವ ಕಲ್ಲು

ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಪುಸ್ತಕದ ಅಭ್ಯಾಸದಲ್ಲಿ ಮೇಲಿನಿಂದ ಶುರು ಮಾಡಿದವರಿಗೆ ಮೊದಲು ಕಾಣುವುದು ಶಿವಲಿಂಗ, ಪೂಜಾರಿ, ನಂದಿ. ಇದು ಯಾವುದೋ ದೇವರ ಕಲ್ಲು ಎಂದು ಕೈಮುಗಿದು ಮುಂದೆ ಹೋಗುತ್ತಾರೆ. ಕತೆ ಶುರುವಾಗುವುದು ಮಣ್ಣಿಗೆ ಹತ್ತಿರದ ಪಟ್ಟಿಕೆಯಲ್ಲಿ. ಅಲ್ಲಿ ಒಬ್ಬ ಕತ್ತಿ ಎತ್ತಿ ನಿಂತಿರುತ್ತಾನೆ. ಎದುರಿಗೆ ಬಿಲ್ಲು ಹಿಡಿದವರು, ಕಾಲಬುಡದಲ್ಲಿ ಬಿದ್ದವರು, ಒಂದು ಮಗ್ಗುಲಲ್ಲಿ ನಾಲ್ಕಾರು ದನ. ಅದರ ಮೇಲಿನ ಪಟ್ಟಿಕೆಯಲ್ಲಿ ಅವನೇ, ಆದರೆ ಕೈಯಲ್ಲಿ ಆಯುಧವಿಲ್ಲ. ಎರಡೂ ಬದಿಯಲ್ಲಿ ಅಪ್ಸರೆಯರು ಅವನ ತೋಳಿಗೆ ಕೈಕೊಟ್ಟು ಮೇಲಕ್ಕೆ ಒಯ್ಯುತ್ತಿದ್ದಾರೆ. ತುದಿಯ ಪಟ್ಟಿಕೆ ಕೈಲಾಸ. ಅಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಸತ್ತವನು ಜೈನನಾದರೆ ಲಿಂಗದ ಜಾಗದಲ್ಲಿ ಜಿನ. ಎಲ್ಲಕ್ಕಿಂತ ಮೇಲೆ ಸೂರ್ಯ ಮತ್ತು ಚಂದ್ರ, ಅವರಿರುವ ತನಕ ಈ ಹೆಸರೂ ಇರಲಿ ಎಂಬುದಕ್ಕೆ.

ನಮ್ಮ ಹಳ್ಳಿಗಳ ಯುದ್ಧಸ್ಮಾರಕ ಎಂದರೆ ಇದೇ. ರಾಜಧಾನಿಯ ಚೌಕದಲ್ಲಿ ಸರಕಾರ ಎಬ್ಬಿಸಿದ ಕಂಬವಲ್ಲ. ಕೆರೆಯ ಏರಿಯ ಮೇಲೆ, ದೇವಸ್ಥಾನದ ಅಂಗಳದಲ್ಲಿ, ಗದ್ದೆಯ ಬದುವಿನಲ್ಲಿ, ಸತ್ತವನ ಮಗನೋ ತಮ್ಮನೋ ಹೆಂಡತಿಯೋ ಊರ ಗೌಡನೋ ನಿಲ್ಲಿಸಿದ್ದು. ಕರ್ನಾಟಕದಲ್ಲಿ ಇಂಥ ಎರಡೂವರೆ ಸಾವಿರಕ್ಕೂ ಮಿಕ್ಕಿದ ಕಲ್ಲುಗಳು ಸಿಕ್ಕಿವೆ. ಅವುಗಳಲ್ಲಿ ಸೇನಾಪತಿಗಳು ಕಡಿಮೆ. ಪಕ್ಕದ ಸೀಮೆಯವರು ಬಂದು ದನ ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಹೋಗಿ ಸತ್ತವರು ಬಹಳ. ಹೀಗೆ ದನ ಹೊಡೆಯುವುದನ್ನು ಶಾಸನಗಳು ತುರುಗೊಳ್ ಎನ್ನುತ್ತವೆ. ಊರ ಹೆಣ್ಣುಮಕ್ಕಳ ಮೇಲೆ ಕೈಮಾಡಿದವರಿಗೆ ಅಡ್ಡ ನಿಂತವರಿದ್ದಾರೆ, ಹುಲಿಯೊಡನೆ ಹೋರಾಡಿದವರಿದ್ದಾರೆ, ಊರಿಗೆ ಊರೇ ಹಾಳಾದ ದಿನ ಓಡದೆ ಉಳಿದವರಿದ್ದಾರೆ. ಆರ್. ಶೇಷಶಾಸ್ತ್ರಿಯವರು ಈ ಕಲ್ಲುಗಳ ಮೇಲೆಯೇ ಒಂದು ಪುಸ್ತಕ ಬರೆದರು. ಅದಕ್ಕೂ ಮೊದಲು ಎಂ. ಚಿದಾನಂದಮೂರ್ತಿಯವರು ಶಾಸನಗಳ ಸಾಂಸ್ಕೃತಿಕ ಅಧ್ಯಯನ ನಡೆಸಿದಾಗ ಇವುಗಳ ಹಿಂದಿನ ನಂಬಿಕೆಗಳನ್ನೆಲ್ಲ ಬಿಡಿಸಿಟ್ಟಿದ್ದರು. ಸತ್ತವರ ಬಗ್ಗೆ ವಿದ್ವಾಂಸರು ಸಾಕಷ್ಟು ಹೇಳಿದ್ದಾರೆ. ನನ್ನ ಕುತೂಹಲ ಉಳಿ ಹಿಡಿದವನ ಕಡೆಗೆ. ಒಬ್ಬ ಮನುಷ್ಯನ ಸಾವನ್ನು ಆಳೆತ್ತರದ ಒಂದು ಚಪ್ಪಡಿಯಲ್ಲಿ, ಅಕ್ಷರ ಬಾರದವನಿಗೂ ತಿಳಿಯುವ ಹಾಗೆ ಹೇಳಿ ಮುಗಿಸುವ ಕೆಲಸ ಅವನದ್ದು.

ಈ ಕುತೂಹಲಕ್ಕೆ ತುಳುನಾಡಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಷ್ಟು ತಕ್ಕ ಜಾಗ ಇನ್ನೊಂದಿಲ್ಲ. ಇಲ್ಲಿ ನೆಲ ಎರಡು ಬಗೆ. ಅಗೆದಲ್ಲೆಲ್ಲ ಸಿಗುವುದು ಮುರಕಲ್ಲು. ನೆಲದೊಳಗಿರುವಾಗ ಕತ್ತರಿಸಲು ಬರುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಮನೆ, ಬಾವಿ, ಕಂಪೌಂಡು, ದೈವದ ಕಟ್ಟೆ ಎಲ್ಲವೂ ಅದರದ್ದೇ. ಆದರೆ ಮೈಯೆಲ್ಲ ತೂತು ತೂತಾದ ಈ ಕಲ್ಲಿನ ಮೇಲೆ ಕಣ್ಣು ಮೂಗು ಬಿಡಿಸಲು ಬರುವುದಿಲ್ಲ, ಅಕ್ಷರವಂತೂ ನಿಲ್ಲುವುದೇ ಇಲ್ಲ. ಈ ಕೆಂಪು ನೆಲದ ನಡುವೆ ಅಲ್ಲಲ್ಲಿ ಕಗ್ಗಲ್ಲಿನ ಪಾದೆಗಳು ತಲೆ ಎತ್ತಿವೆ: ಬಂಟ್ವಾಳದಲ್ಲಿ ಕಾರಿಂಜ, ಬೆಳ್ತಂಗಡಿಯಲ್ಲಿ 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿದ ಗಡಾಯಿಕಲ್ಲು, ಮೂಡುಬಿದಿರೆಯ ಬಳಿ ಕೊಣಾಜೆಕಲ್ಲು. ಶಿಲ್ಪಿಗೆ ಬೇಕಾದ ಕಲ್ಲು ಈ ಜಾತಿಯದ್ದು. ಮೂಡುಬಿದಿರೆಯಿಂದ ಸ್ವಲ್ಪ ದೂರದ ನೆಲ್ಲಿಕಾರಿನ ನುಣುಪು ಕಣದ ಕಪ್ಪು ಕಲ್ಲಿಗೆ ಇವತ್ತಿಗೂ ವಿಗ್ರಹ ಕೆತ್ತುವವರಲ್ಲಿ ದೊಡ್ಡ ಹೆಸರು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು, ಕಾರ್ಕಳದ ಗೊಮ್ಮಟ 1432ರದ್ದು, ಬೆಳ್ತಂಗಡಿ ತಾಲೂಕಿನ ವೇಣೂರಿನ ಗೊಮ್ಮಟ 1604ರದ್ದು. ಬಸದಿಯ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಕಲ್ಲು ಇತ್ತು, ಕೈ ಇತ್ತು, ಕೆತ್ತಿಸುವ ಅರಸರೂ ಸೆಟ್ಟಿಗಳೂ ಇದ್ದರು. ಇಷ್ಟಿದ್ದೂ ವೀರಗಲ್ಲುಗಳ ವಿಚಾರದಲ್ಲಿ ಶಿವಮೊಗ್ಗ, ಧಾರವಾಡದ ಕಡೆಯ ಸಮೃದ್ಧಿ ಇಲ್ಲಿಲ್ಲ. ಅದೇಕೆ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಲ್ಲು.

ಕೆಲಸ ಶುರುವಾಗುವುದು ಕಿವಿಯಿಂದ. ಪಾದೆಯ ಮೇಲೆ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಕಲ್ಲು ಉತ್ತರ ಕೊಡುತ್ತದೆ. ಗಂಟೆಯಂತೆ ನಾದ ಬಂದರೆ ಒಳಗೆ ಬಿರುಕಿಲ್ಲ. ಮಂಕಾದ ಸದ್ದು ಬಂದರೆ ಎಲ್ಲೋ ಸೀಳಿದೆ. ಶಿಲ್ಪಶಾಸ್ತ್ರದವರು ಈ ನಾದವನ್ನೇ ಹಿಡಿದು ಪುರುಷಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸಿದರು. ಪಾರಿಭಾಷಿಕ ಹೆಸರು ಏನೇ ಇರಲಿ, ಕಸುಬಿನವನಿಗೆ ಬೇಕಾದ್ದು ಒಂದೇ ಮಾತು: ಮೂರು ತಿಂಗಳು ಕೆತ್ತಿದ ಮೇಲೆ ವೀರನ ಕುತ್ತಿಗೆಯ ಹತ್ತಿರ ಕಲ್ಲು ಬಾಯಿಬಿಡಬಾರದು.

ಬೇಕಾದ ಅಳತೆಗೆ ಗೆರೆ ಹಾಕಿ, ಗೆರೆಯುದ್ದಕ್ಕೂ ಗೇಣಿಗೊಂದರಂತೆ ಸಣ್ಣ ಕುಳಿ ತೋಡಿ, ಕುಳಿಗೊಂದು ಬೆಣೆ ಇಡುತ್ತಾರೆ. ಕಬ್ಬಿಣದ ಬೆಣೆಯಾದರೆ ಈ ತುದಿಯಿಂದ ಆ ತುದಿಗೆ ಸಾಲಾಗಿ ಒಂದೊಂದು ಪೆಟ್ಟು, ಮತ್ತೆ ಮೊದಲಿಂದ. ಒಂದೇ ಬೆಣೆಗೆ ಸಿಟ್ಟಿನಿಂದ ಹೊಡೆದವನಿಗೆ ಕಲ್ಲು ತಾನು ಬಯಸಿದ ದಿಕ್ಕಿಗೆ ಒಡೆದು ಕೊಡುತ್ತದೆ. ಹಳೆಯ ಕ್ರಮದಲ್ಲಿ ಒಣಗಿದ ಮರದ ಬೆಣೆ ಬಡಿದು ನೀರು ಹನಿಸುತ್ತಿದ್ದರು. ಮರ ಉಬ್ಬಿ ಕಲ್ಲನ್ನು ಸೀಳುವುದಕ್ಕೆ ರಾತ್ರಿ ಬೆಳಗಾಗಬೇಕು. ಬೆಳಿಗ್ಗೆ ಬಂದು ನೋಡಿದರೆ ಚಪ್ಪಡಿ ಗೆರೆಗೆ ಸರಿಯಾಗಿ ಬಿಟ್ಟುಕೊಂಡಿರುತ್ತದೆ. ಹಳೆಯ ದೇವಸ್ಥಾನಗಳ ಹಿಂದಿನ ಬಂಡೆಗಳ ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಕಾಣುವ ಕುಳಿಗಳು ಈ ಕೆಲಸದವೇ.

ಉಳಿಯ ಕತೆ ಬೇರೆಯೇ. ಕಗ್ಗಲ್ಲಿನ ಮೇಲೆ ಉಳಿಯ ಮೊನೆ ಬೇಗ ಮೊಂಡಾಗುತ್ತದೆ. ಹಾಗಾಗಿ ಕಲ್ಲು ಕೆತ್ತುವಲ್ಲಿ ಪಕ್ಕದಲ್ಲೇ ಕುಲುಮೆ ಇರಬೇಕು. ಮೊನೆಯನ್ನು ಕೆಂಪಗೆ ಕಾಯಿಸಿ, ಬಡಿದು ಚೂಪು ಮಾಡಿ, ನೀರಿಗೆ ಅದ್ದಿ ಹದ ಕೊಡುತ್ತಾರೆ. ಎಷ್ಟು ಕೆಂಪಾದಾಗ ತೆಗೆಯಬೇಕು, ಎಷ್ಟು ಹೊತ್ತು ಅದ್ದಬೇಕು ಎಂಬುದು ಬೆಲ್ಲದ ಪಾಕದ ಹಾಗೆ ಕಣ್ಣಂದಾಜಿನ ವಿದ್ಯೆ. ಹದ ಹೆಚ್ಚಾದರೆ ಮೊನೆ ಮುರಿದು ಸಿಡಿಯುತ್ತದೆ, ಕಡಿಮೆಯಾದರೆ ಬಾಗುತ್ತದೆ. ವೀರಗಲ್ಲಿನ ಮುಂದೆ ನಿಂತಾಗ ನಮಗೆ ನೆನಪಾಗದ ಒಬ್ಬ ಮನುಷ್ಯ ಈ ಕಮ್ಮಾರ. ಶಾಸನಗಳಲ್ಲಿ ಬರೆದವನ ಹೆಸರು ಬರುತ್ತದೆ, ಕಂಡರಿಸಿದ ರೂವಾರಿಯ ಹೆಸರೂ ಬರುತ್ತದೆ. ಉಳಿ ಕಾಯಿಸಿದವನ ಹೆಸರನ್ನು ನಾನಂತೂ ಎಲ್ಲೂ ಓದಿಲ್ಲ.

ಇನ್ನು ಚಿತ್ರ. ಚಪ್ಪಡಿಯ ಮುಖವನ್ನು ಸಮ ಮಾಡಿ, ಕಾವಿಯಲ್ಲಿ ಗೆರೆ ಎಳೆದು, ಪಟ್ಟಿಕೆಗಳನ್ನು ಭಾಗ ಮಾಡುತ್ತಾರೆ. ಬುಡದ ಒಂದು ಪಾಲು ಒರಟಾಗಿಯೇ ಉಳಿಯುತ್ತದೆ. ಅದು ಮಣ್ಣೊಳಗೆ ಹೋಗುವ ಭಾಗ. ಎರಡು ಪಟ್ಟಿಕೆಗಳ ನಡುವೆ ಬೆರಳಗಲದಿಂದ ಗೇಣಗಲದವರೆಗೆ ಬರಹಕ್ಕೆ ಜಾಗ. ಆಮೇಲೆ ಗೆರೆಯ ಹೊರಗಿನ ಕಲ್ಲನ್ನು ತಗ್ಗಿಸುತ್ತ ಹೋಗುತ್ತಾರೆ, ಮನುಷ್ಯ ಉಬ್ಬಿ ಬರುತ್ತಾನೆ. ಉಬ್ಬು ಹೆಚ್ಚೇನಿಲ್ಲ, ಎರಡು ಮೂರು ಅಂಗುಲ. ಇಷ್ಟೇ ಆಳದಲ್ಲಿ ಮುಂದೆ ನಿಂತವನು, ಹಿಂದಿನ ಕುದುರೆ, ಅದರಾಚೆಯ ಬಿಲ್ಲುಗಾರ ಎಲ್ಲರೂ ಬೇರೆಬೇರೆಯಾಗಿ ತೋರಬೇಕು. ಆಳ ಸಾಲದ್ದಕ್ಕೆ ಶಿಲ್ಪಿ ಗಾತ್ರದಲ್ಲಿ ಮಾತಾಡುತ್ತಾನೆ. ವೀರ ದೊಡ್ಡವನು, ಶತ್ರುಗಳು ಅವನ ಸೊಂಟಕ್ಕೆ ಬರುವಷ್ಟು. ದೂರದಲ್ಲಿದ್ದಾರೆಂದು ಚಿಕ್ಕವರಾದದ್ದಲ್ಲ, ಕತೆ ಅವರದ್ದಲ್ಲ ಎಂದು ಚಿಕ್ಕವರಾದದ್ದು.

ನನಗೆ ಹೆಚ್ಚು ಇಷ್ಟವಾಗುವುದು ಕೆಳಗಿನ ಪಟ್ಟಿಕೆಯ ಜಾಣತನ. ಸಾಯುವ ಗಳಿಗೆಯನ್ನು ಶಿಲ್ಪಿ ಸಾಮಾನ್ಯವಾಗಿ ಕೆತ್ತುವುದಿಲ್ಲ. ಅದಕ್ಕೊಂದು ಕ್ಷಣ ಹಿಂದೆ ನಿಲ್ಲಿಸುತ್ತಾನೆ. ಕತ್ತಿ ಎತ್ತಿದೆ, ಬಾಣ ಬಿಟ್ಟಾಗಿದೆ, ವೀರ ಇನ್ನೂ ನಿಂತಿದ್ದಾನೆ. ಮೇಲಿನ ಪಟ್ಟಿಕೆಗೆ ಕಣ್ಣು ಹಾಯಿಸಿದರೆ ಸಾವು ಆಗಿ ಹೋಗಿದೆ. ಎರಡರ ನಡುವಿನ ಆ ಬರಹದ ಪಟ್ಟಿಯಲ್ಲಿ, ಚಿತ್ರವಿಲ್ಲದ ಜಾಗದಲ್ಲಿ, ಮನುಷ್ಯ ಸತ್ತಿದ್ದಾನೆ. ತುರುಗಾಳಗದ ಕಲ್ಲಿನಲ್ಲಿ ದನಗಳನ್ನು ನೋಡಿ. ಎಲ್ಲವನ್ನೂ ಕೆತ್ತಲು ಜಾಗವಿಲ್ಲವೆಂದು ಒಂದರ ಹಿಂದೊಂದು ಬರೀ ಮುಖ, ಕೊಂಬು ಕಾಣುವಂತೆ ಜೋಡಿಸಿ, ನಾಲ್ಕು ದನಗಳಲ್ಲಿ ಇಡೀ ಮಂದೆಯನ್ನು ತೋರಿಸುತ್ತಾನೆ. ಹೊಯ್ಸಳರ ಕಡೆಯ ಬಳಪದ ಕಲ್ಲು ಮೆದು. ಅಲ್ಲಿಯ ವೀರಗಲ್ಲಿನಲ್ಲಿ ಅಪ್ಸರೆಯ ಕಾಲ್ಗೆಜ್ಜೆಯನ್ನೂ ಎಣಿಸಬಹುದು. ಕಗ್ಗಲ್ಲು ಅಷ್ಟಕ್ಕೆ ಒಪ್ಪುವುದಿಲ್ಲ. ಅಲ್ಲಿ ಶಿಲ್ಪಿ ಗೆಜ್ಜೆ ಬಿಡುತ್ತಾನೆ, ಕಾಲಿನ ಬಾಗು ಉಳಿಸುತ್ತಾನೆ. ನೋಡುಗನ ಅಭಿರುಚಿಯ ಮಾತು ಇದು, ನನಗೆ ಎರಡನೆಯದೇ ಮೇಲು.

ಅಕ್ಷರ ಕೊರೆಯುವುದು ಇನ್ನೊಂದೇ ಕೈಯ ಕೆಲಸವಾಗಿರುತ್ತಿತ್ತು. ಪಂಡಿತ ಬರೆದುಕೊಟ್ಟದ್ದನ್ನು ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದು, ಅದರ ಮೇಲೆ ಉಳಿ ಓಡಿಸಬೇಕು. ಕನ್ನಡ ದುಂಡು ಅಕ್ಷರಗಳ ಭಾಷೆ. ಉಳಿಯಾದರೋ ನೇರ ಗೆರೆಯ ಆಯುಧ. ಒಂದು ‘ಳ’ದ ಸುತ್ತನ್ನು ಸಣ್ಣ ಸಣ್ಣ ಪೆಟ್ಟುಗಳ ಸರಪಳಿಯಾಗಿಯೇ ತಿರುಗಿಸಬೇಕು. ಗೆರೆಯ ಎರಡೂ ಬದಿಯಿಂದ ಓರೆಯಾಗಿ ಕೊರೆದರೆ ಅಡ್ಡ ಬಿಸಿಲಿನಲ್ಲಿ ಒಂದು ಗೋಡೆ ಬೆಳಗಿ ಇನ್ನೊಂದು ನೆರಳಾಗಿ ಅಕ್ಷರ ಎದ್ದು ಕಾಣುತ್ತದೆ. ಜಾಗ ಕಡಿಮೆ, ಹೇಳುವುದು ಬಹಳ. ಕಾಲ, ಆಳುವ ಅರಸ, ಊರು, ಕಾಳಗದ ಕಾರಣ, ಸತ್ತವನ ಹೆಸರು, ಅವನ ಅಪ್ಪನ ಹೆಸರು, ಅವನು ಮಾಡಿದ್ದು, ಸುರಲೋಕ ಸೇರಿದ್ದು, ಕಲ್ಲು ನಿಲ್ಲಿಸಿದವರು ಯಾರು, ಕೊಟ್ಟ ಭೂಮಿ ಎಷ್ಟು. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ ಎಂಬರ್ಥದ ಒಂದು ಸಂಸ್ಕೃತ ಶ್ಲೋಕ ನೂರಾರು ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ಅಂದಿನ ಅಚ್ಚು ಮಾತು. ಅದನ್ನು ದಾಟಿ ಹೆಸರು, ಕಾರಣಗಳಿಗೆ ಹೋದರೆ ಮನುಷ್ಯ ಸಿಗುತ್ತಾನೆ. ಚಿತ್ರದುರ್ಗದ ಹತ್ತಿರದ ತಮಟಕಲ್ಲಿನಲ್ಲಿ ಗುಣಮಧುರನೆಂಬವನಿಗೆ ಬರೆಸಿದ್ದು ಪದ್ಯ. ಕನ್ನಡದ ಅತಿ ಹಳೆಯ ಪದ್ಯಗಳ ಮಾತು ಬಂದಾಗ ವಿದ್ವಾಂಸರು ಅದನ್ನೂ ಎತ್ತುತ್ತಾರೆ.

ಕೊಟ್ಟ ಭೂಮಿ ಎಷ್ಟು ಎಂಬುದೇ ಈ ಕಲ್ಲುಗಳ ಬೆನ್ನೆಲುಬು ಎಂದು ನನ್ನ ಅಭಿಪ್ರಾಯ. ಕಲ್ಲು ನಿಲ್ಲಿಸುವಾಗ ಸತ್ತವನ ಮನೆಗೆ ಭೂಮಿ ಬಿಡುತ್ತಿದ್ದರು. ಕಲ್ನಾಡು ಎಂದರು, ನೆತ್ತರುಗೊಡಗೆ ಎಂದರು. ಯುದ್ಧದಲ್ಲಿ ಗೆದ್ದು ಬಂದವನ ಕತ್ತಿ ತೊಳೆದು ಕೊಟ್ಟದ್ದು ಬಾಳ್ಗಳ್ಚು. ಕನ್ನಡದ ಮೊದಲ ಶಾಸನವೆಂದು ನಾವು ಮೆರೆಸುವ, ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನದಲ್ಲಿ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿಗಳನ್ನು ಕೊಟ್ಟದ್ದು ಹೀಗೆ, ಬಾಳ್ಗಳ್ಚಾಗಿ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ಕಲ್ಲನ್ನು ನೋಡಿದವರಿಗೆ ಆನೆ, ಕುದುರೆ, ಕಾಲಾಳುಗಳು ಒತ್ತಾಗಿ ತುಂಬಿದ ಆ ಕಾಳಗ ಮರೆಯುವುದಿಲ್ಲ. ಗಂಗರ ಎರೆಯಪ್ಪನ ಕಡೆಯ ನಾಗತ್ತರ ತುಂಬೆಪಾಡಿಯಲ್ಲಿ ಆನೆಗಳ ನಡುವೆ ಸತ್ತ; ಅವನ ನಂತರ ಇರುಗನಿಗೆ ಬೇಗೂರು ಸೀಮೆಯ ಹನ್ನೆರಡು ಊರು ಕಲ್ನಾಡಾಗಿ ಹೋಯಿತು. ಚಿತ್ರದ ಜತೆಗೇ ಊರುಗಳ ಪಟ್ಟಿಯಿದೆ. ಕಲಾವಿಮರ್ಶಕರು ಚಿತ್ರ ನೋಡುತ್ತಾರೆ, ಅಂದಿನ ಮನೆಯವರು ನೋಡುತ್ತಿದ್ದದ್ದು ಪಟ್ಟಿಯನ್ನೇ ಇರಬೇಕು.

ಅದೇ ವಸ್ತುಸಂಗ್ರಹಾಲಯದಲ್ಲಿ ಮದ್ದೂರು ತಾಲೂಕಿನ ಆತಕೂರಿನ ಕಲ್ಲೂ ಇದೆ, ಕ್ರಿ.ಶ. 950ರ ಸುಮಾರಿನದು. ತಕ್ಕೋಲದ ಯುದ್ಧ, ರಾಷ್ಟ್ರಕೂಟ ಮೂರನೆಯ ಕೃಷ್ಣ, ಚೋಳ ರಾಜಾದಿತ್ಯನನ್ನು ಕೊಂದ ಬೂತುಗ, ಇಷ್ಟು ದೊಡ್ಡ ಇತಿಹಾಸವೆಲ್ಲ ಅದರಲ್ಲಿ ಬರೆದಿದೆ. ಚಿತ್ರ ಮಾತ್ರ ನಾಯಿಯದ್ದು. ಯುದ್ಧದಲ್ಲಿ ಮೆಚ್ಚಿಸಿದ ಮಣಲೆರನಿಗೆ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಜತೆಗೇ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡುವ ಗೊರವನು ಈ ಕಲ್ಲನ್ನು ಪೂಜಿಸದೆ ಉಣ್ಣಬಾರದು ಎಂದು ಕಟ್ಟಳೆ ಹಾಕಿದರು. ನಾಯಿ ಹಂದಿಗಳು ಪರಸ್ಪರ ಕಚ್ಚಿ ಹಿಡಿದ ಆ ಕೆತ್ತನೆಯಲ್ಲಿ ಒಂದು ಗೆರೆಯೂ ಹೆಚ್ಚಿಲ್ಲ.

ವೀರಗಲ್ಲು ಗೋರಿಯಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅದರ ಕೆಳಗೆ ಎಲುಬು ಹುಡುಕುವುದು ವ್ಯರ್ಥ. ದೂರದ ಕಾಳಗದಲ್ಲಿ ಸತ್ತವನಿಗೆ ಊರಿನಲ್ಲಿ ಕಲ್ಲು ನಿಲ್ಲುತ್ತಿತ್ತು. ದೇಹ ಸಿಗದಿದ್ದರೂ ಹೆಸರಿಗೊಂದು ಜಾಗ. 2016ರ ಜುಲೈ 22ರಂದು ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾದ ವಾಯುಪಡೆಯ ಎಎನ್-32 ವಿಮಾನದ 29 ಮಂದಿಯಲ್ಲಿ ಬೆಳ್ತಂಗಡಿ ತಾಲೂಕಿನವರೂ ಒಬ್ಬರಿದ್ದರು. ಸಮುದ್ರದ ತಳದಲ್ಲಿ ಅವಶೇಷ ಕಂಡಿದೆ ಎಂಬ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಅಂಥ ಮನೆಗಳ ಮುಂದೆ ನಿಂತವರಿಗೆ ದೇಹವಿಲ್ಲದ ಸ್ಮಾರಕದ ಅರ್ಥ ವಿವರಿಸಬೇಕಿಲ್ಲ.

ಸತ್ತ ಸಿಪಾಯಿಯ ಹೆಸರಿಗೆ ಜಾಗವೆಲ್ಲಿ ಎಂಬ ಪ್ರಶ್ನೆಗೆ ಯುರೋಪಿನವರು ಬಹಳ ತಡವಾಗಿ, ಮೊದಲ ಮಹಾಯುದ್ಧದ ನಡುವೆ ಉತ್ತರ ಹುಡುಕಿದರು. ಬ್ರಿಟಿಷ್ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗ ಹುಟ್ಟಿದ್ದು 1917ರಲ್ಲಿ. ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಎಂದು ಅದು ತೀರ್ಮಾನಿಸಿತು: ಎರಡು ಅಡಿ ಎಂಟು ಅಂಗುಲ ಎತ್ತರ, ಒಂದು ಅಡಿ ಮೂರು ಅಂಗುಲ ಅಗಲ, ಬಿಳಿಯ ಪೋರ್ಟ್‌ಲ್ಯಾಂಡ್ ಕಲ್ಲು. ಅಕ್ಷರಗಳನ್ನು ಮ್ಯಾಕ್‌ಡೊನಾಲ್ಡ್ ಗಿಲ್ ಎಂಬ ಕಲಾವಿದ ವಿನ್ಯಾಸ ಮಾಡಿದ, ನಮ್ಮವರ ಹಾಗೆಯೇ ಓರೆಯಾಗಿ ಕೊರೆಯಲು. ಬುಡದಲ್ಲಿ ಮನೆಯವರ ಒಂದು ಮಾತಿಗೆ ಜಾಗ ಬಿಟ್ಟರು. 66 ಅಕ್ಷರ ಮೀರಬಾರದು. ಕಸುಬಿನ ದೃಷ್ಟಿಯಿಂದ ಮೆಚ್ಚಬೇಕಾದ ಶಿಸ್ತು. ಸಮಾನತೆಯ ಮಾತು ಮಾತ್ರ ಸಮುದ್ರ ದಾಟಿದಂತೆ ಸಡಿಲಾಯಿತು. ಫ್ರಾನ್ಸಿನ ನವ್ ಶಪೆಲ್‌ನಲ್ಲಿ 1927ರಲ್ಲಿ ಆದ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರಿದೆ. ಇರಾಕಿನ ಬಸ್ರಾ ಸ್ಮಾರಕದಲ್ಲಾದರೋ ಭಾರತೀಯ ಅಧಿಕಾರಿಗಳ ಹೆಸರು ಕೊರೆದು, ಸಾಮಾನ್ಯ ಸಿಪಾಯಿಗಳನ್ನು ದಳಕ್ಕೆ ಇಷ್ಟು ಎಂದು ಎಣಿಸಿ ಬಿಟ್ಟರು. ಈ ಭೇದವನ್ನು ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ಎಷ್ಟೋ ಹಳ್ಳಿಗಳ ಗೋಡೆಯಲ್ಲಿ ಅದೇ ಕಾಲದ ಅಮೃತಶಿಲೆಯ ಹಲಗೆಗಳಿವೆ. ಈ ಊರಿನಿಂದ 1914ರಿಂದ 1919ರ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂಬ ಒಂದೇ ಒಕ್ಕಣೆ, ಅಂಕಿ ಮಾತ್ರ ಬೇರೆ. ಯಾರು ಎಂದು ಇಲ್ಲ. ಹೈಫಾದಲ್ಲಿ 1918ರ ಸೆಪ್ಟೆಂಬರ್ 23ರಂದು ಕಾದಾಡಿದ ದಂಡಿನಲ್ಲಿದ್ದ ನಮ್ಮ ಮೈಸೂರು ಲ್ಯಾನ್ಸರ್ಸ್‌ಗೆ ದೆಹಲಿಯ ತೀನ್‌ಮೂರ್ತಿಯಲ್ಲಿ ಕಂಚಿನ ಪ್ರತಿಮೆ ಸಿಕ್ಕಿತು. ಅದೂ ಹೆಸರಿಲ್ಲದ ಒಬ್ಬ ಸವಾರ, ಪಕ್ಕದಲ್ಲಿ ಹೈದರಾಬಾದ್ ಮತ್ತು ಜೋಧ್‌ಪುರದ ಇನ್ನಿಬ್ಬರು. ಸಾವಿರ ವರ್ಷ ಹಿಂದಿನ ಆತಕೂರಿನಲ್ಲಿ ನಾಯಿಗೂ ಹೆಸರಿತ್ತು.

ಈಗ ತುಳುನಾಡಿನ ಪ್ರಶ್ನೆಗೆ ಬರೋಣ. ವೀರಗಲ್ಲು ಇಲ್ಲಿ ಇಲ್ಲವೆಂದಲ್ಲ. ಉಡುಪಿಯ ಹತ್ತಿರದ ಉದ್ಯಾವರದಲ್ಲಿ ಆಳುಪರ ಕಾಲದ, ಎಂಟನೆಯ ಶತಮಾನದ ಆಸುಪಾಸಿನ ಶಾಸನಗಳ ಒಂದು ಗೊಂಚಲೇ ಇದೆ. ರಾಜಮನೆತನದ ಒಳಜಗಳದಲ್ಲಿ ಒಬ್ಬ ಅರಸ ಪಟ್ಟಣದೊಳಗೆ ನುಗ್ಗಿದಾಗ ಕಾದು ಸತ್ತವರ ಹೆಸರು ಅವುಗಳಲ್ಲಿವೆ. ಆದರೂ ಇಲ್ಲಿ ಅವು ಕಡಿಮೆ ಕಾಣುವುದಕ್ಕೆ ಒಂದು ಕಾರಣ ದಾಖಲೆಯದ್ದು. ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಊರೂರು ಸುತ್ತಿಸಿ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿದಾಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. ಇಲ್ಲಿಯ ಕಲ್ಲುಗಳು ತಮಿಳು, ತೆಲುಗು, ಮಲಯಾಳಂ ಶಾಸನಗಳ ಜತೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಸಂಪುಟಗಳೊಳಗೆ ಸೇರಿಕೊಂಡವು. ಪಿ. ಗುರುರಾಜ ಭಟ್ಟರು ಕಾಲ್ನಡಿಗೆಯಲ್ಲಿ ತುಳುನಾಡು ಅಲೆದು 1975ರಲ್ಲಿ ತಮ್ಮ ದೊಡ್ಡ ಗ್ರಂಥ ತರುವವರೆಗೆ ಇವುಗಳಿಗೆಲ್ಲ ಒಂದು ಮನೆ ಇರಲಿಲ್ಲ.

ಇನ್ನೊಂದು ಕಾರಣ ಮಳೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಸೀಮೆಯಲ್ಲಿ ಬಯಲಲ್ಲಿ ನಿಂತ ಕಲ್ಲಿಗೆ ಪಾಚಿ ಹಿಡಿಯಲು ಒಂದು ಆಟಿ ತಿಂಗಳು ಸಾಕು. ಆದರೆ ಮಳೆ, ದಾಖಲೆ ಎರಡೂ ಪೂರ್ತಿ ಉತ್ತರವಲ್ಲ. ಘಟ್ಟದ ಮೇಲಿನ ವೀರ ಮೇಲಿನ ಪಟ್ಟಿಕೆಗೆ ಹೋಗಿ ಕೂತರೆ ಮುಗಿಯಿತು, ಕೈಲಾಸದಿಂದ ಅವನು ಇಳಿದು ಬರುವುದಿಲ್ಲ. ಘಟ್ಟದ ಕೆಳಗಿನ ವೀರ ಕಾಯ ಬಿಟ್ಟು ಮಾಯ ಸೇರುತ್ತಾನೆ, ನೇಮದ ರಾತ್ರಿ ಬಂದು ನಿಲ್ಲುತ್ತಾನೆ, ನುಡಿ ಕೊಡುತ್ತಾನೆ, ಊರವರ ತಂಟೆ ತಕರಾರು ಕೇಳುತ್ತಾನೆ. ಮಾತಾಡುವ ವೀರನಿಗೆ ಕಲ್ಲಿನ ಬಾಯಿ ಸಾಲದು. ಎಣ್ಮೂರಿನಲ್ಲಿ ಮಡಿದ ಕೋಟಿ ಚೆನ್ನಯರಿಗೆ ಈ ಮೂರು ತಾಲೂಕುಗಳೂ ಸೇರಿ ತುಳುನಾಡಿನಾದ್ಯಂತ ಗರಡಿಗಳಿವೆ. ಅರುವತ್ತಾರು ಗರಡಿ ಎಂಬುದು ಹಿರಿಯರ ಬಾಯಲ್ಲಿರುವ ಲೆಕ್ಕ. ಅಂಗಸಾಧನೆಯ ಮನೆಯೇ ಸ್ಮಾರಕವಾಯಿತು. ಸುರಿಯ ಹಿಡಿದ ಪಾತ್ರಿಗಳ ಮೈಯಲ್ಲಿ, ರಾತ್ರಿಯಿಡೀ ಹಾಡುವ ಪಾಡ್ದನದಲ್ಲಿ ವೀರರ ಕತೆ ವರ್ಷಕ್ಕೊಮ್ಮೆ ಮೊದಲಿನಿಂದ ನಡೆಯುತ್ತದೆ. ವೀರಗಲ್ಲಿನ ಶಿಲ್ಪಿ ಮೂರು ಪಟ್ಟಿಕೆಯಲ್ಲಿ ಅಡಕ ಮಾಡಿದ್ದನ್ನು ಇಲ್ಲಿ ಹಾಡುವವರು ಒಂದು ರಾತ್ರಿಗೆ ಬಿಡಿಸಿ ಹರಡುತ್ತಾರೆ.

ಆ ಪಾಡ್ದನಗಳಲ್ಲೇ ಕಲ್ಲು ಕೆತ್ತುವವನದ್ದೂ ಒಂದಿದೆ. ಬೀರ ಕಲ್ಕುಡ ಕಾರ್ಕಳದಲ್ಲಿ ಗೊಮ್ಮಟನನ್ನು ಕೆತ್ತಿ ನಿಲ್ಲಿಸುತ್ತಾನೆ. ಇಂಥದ್ದು ಬೇರೆಲ್ಲೂ ಆಗಬಾರದೆಂದು ಭೈರರಸ ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಕಲ್ಕುಡ ವೇಣೂರಿಗೆ ಬಂದು ಉಳಿದ ಒಂದೇ ಕೈಯಲ್ಲಿ ಇನ್ನೊಂದು ಗೊಮ್ಮಟನನ್ನು ಕೆತ್ತುತ್ತಾನೆ. ಅಣ್ಣನ ಗತಿ ಕಂಡ ತಂಗಿ ಕಲ್ಲುರ್ಟಿ ಅವನೊಡನೆ ಮಾಯ ಸೇರಿ, ಇಬ್ಬರೂ ದೈವಗಳಾಗಿ ಅರಸನನ್ನು ಕಾಡುತ್ತಾರೆ. ಕಾರ್ಕಳಕ್ಕೂ ವೇಣೂರಿಗೂ ನಡುವೆ 172 ವರ್ಷದ ಅಂತರವಿದೆ, ಒಬ್ಬನೇ ಎರಡನ್ನೂ ಕೆತ್ತಲಾರ. ಲೆಕ್ಕ ಹಾಕುವವರು ಇದನ್ನು ಎತ್ತಿ ತೋರಿಸಿ ನಗಬಹುದು. ನನಗೆ ತೋರುವುದು ಬೇರೆ. ಕೆತ್ತಿಸಿದ ವೀರಪಾಂಡ್ಯ, ತಿಮ್ಮಣ್ಣ ಅಜಿಲರ ಹೆಸರನ್ನು ಶಾಸನ ಉಳಿಸಿತು. ಕೆತ್ತಿದ ಕೈಗಳಿಗೆ ಕಲ್ಲಿನಲ್ಲಿ ಸಿಗದ ಜಾಗವನ್ನು ಹಾಡು ಕೊಟ್ಟಿತು, ಹಲವು ತಲೆಮಾರುಗಳ ಎಷ್ಟೋ ಕೈಗಳನ್ನು ಸೇರಿಸಿ ಒಂದೇ ಕೈ ಮಾಡಿತು. ಬಂಟ್ವಾಳ ತಾಲೂಕಿನ ಸಜಿಪಮೂಡದ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಅಗೇಲು ಸೇವೆ ಹೇಳಿಕೊಂಡವರ ಸಾಲು ಇವತ್ತಿಗೂ ಸಣ್ಣದಲ್ಲ. ಮೂಡುಬಿದಿರೆಯ ಕೊಡಂಗಲ್ಲಿನಲ್ಲಿ ಮಾಡಿನ ಮೇಲೆ ಮಾಡು ಏರಿದ ಜೈನ ಸಮಾಧಿಗಳನ್ನು ನೋಡಿ ಬಂದ ದಿನವೇ ಪಣೋಲಿಬೈಲಿಗೂ ಹೋದರೆ, ಒಂದೇ ಸೀಮೆ ಸತ್ತವರನ್ನು ನೆನೆಯುವ ಎರಡು ದಾರಿ ಎಷ್ಟು ದೂರದೂರ ಎಂಬುದು ಗೊತ್ತಾಗುತ್ತದೆ. ಅಲ್ಲಿ ನಿರ್ಜನ ಹಿತ್ತಿಲು, ಇಲ್ಲಿ ನೂಕುನುಗ್ಗಲು.

ಕೈ ಇನ್ನೂ ಉಳಿದಿದೆ. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಬಾಹುಬಲಿ 1973ರಲ್ಲಿ ರಸ್ತೆಯ ಮೇಲೆ ಧರ್ಮಸ್ಥಳಕ್ಕೆ ಪ್ರಯಾಣ ಮಾಡಿತು, 1982ರಲ್ಲಿ ಪ್ರತಿಷ್ಠೆಯಾಯಿತು. ಈಗಿನ ಶಿಲ್ಪಶಾಲೆಗಳಲ್ಲಿ ಬೆಣೆಯ ಕೆಲಸವನ್ನು ಕಂಪ್ರೆಸರ್ ಡ್ರಿಲ್ ಮಾಡುತ್ತದೆ, ಚಪ್ಪಡಿಯನ್ನು ವಜ್ರದ ಹಲ್ಲಿನ ಗರಗಸ ಕೊಯ್ಯುತ್ತದೆ, ಉಳಿಯ ಮೊನೆಗೆ ಕಾರ್ಬೈಡ್ ಕೂರಿಸಿರುವುದರಿಂದ ಕುಲುಮೆ ಆರಿದೆ. ವೇಗ ಬಂತು, ಜತೆಗೆ ಹಿಟ್ಟಿನಂಥ ದೂಳೂ ಬಂತು. ಅದು ಶ್ವಾಸಕೋಶ ಸೇರಿದರೆ ಹೊರಗೆ ಬರುವುದಿಲ್ಲ. ಮಾಸ್ಕ್ ಕಟ್ಟಿದವರಿಗಿಂತ ಬೈರಾಸು ಸುತ್ತಿಕೊಂಡವರೇ ಹೆಚ್ಚು ಕಾಣುತ್ತಾರೆ. ಕಣ್ಣು ಬಿಡಿಸುವಾಗ, ಬೆರಳಿನ ಸಂದು ಬಿಡಿಸುವಾಗ ಮಾತ್ರ ಯಂತ್ರ ಬದಿಗೆ ಸರಿಯುತ್ತದೆ, ಸಣ್ಣ ಉಳಿ ಕೈಗೆ ಬರುತ್ತದೆ.

ಇಂದಿನ ಸ್ಮಾರಕಗಳು ಬೇರೆ ಜಾತಿಯವು. ಹೊಳೆಯುವ ಕಪ್ಪು ಗ್ರಾನೈಟಿನ ಹಲಗೆ, ಅದರ ಮೇಲೆ ಯೋಧನ ಭಾವಚಿತ್ರವನ್ನು ಲೇಸರಿನಲ್ಲಿ ಸುಟ್ಟು ಮೂಡಿಸಿರುತ್ತಾರೆ. ಹೋಲಿಕೆ ಕರಾರುವಾಕ್ಕು. ಆದರೆ ಲೇಸರ್ ಕಲ್ಲಿನ ಹೊಳಪನ್ನು ಮಾತ್ರ ಕೆಡಿಸುತ್ತದೆ, ಒಳಗೆ ಇಳಿಯುವುದಿಲ್ಲ. ಬೆರಳಾಡಿಸಿದರೆ ಮುಖವೇ ಇಲ್ಲ. ಅಕ್ಷರವನ್ನು ಯಂತ್ರದಲ್ಲಿ ತೆಳುವಾಗಿ ಕೊರೆದು ಬಿಳಿ ಬಣ್ಣ ತುಂಬಿದರೆ ಕೆಲವು ಮಳೆಗಾಲದಲ್ಲೇ ಬಣ್ಣ ಸಿಪ್ಪೆ ಏಳುತ್ತದೆ. ಊರಿನಲ್ಲಿ ಯಾರಾದರೂ ಇಂಥದ್ದೊಂದು ಮಾಡಿಸಲು ಹೊರಟರೆ ನನ್ನ ಸಲಹೆ: ಚಿತ್ರ ಬೇಕಿದ್ದರೆ ಲೇಸರಿನಲ್ಲಾಗಲಿ, ಹೆಸರು ಮಾತ್ರ ಉಳಿಯಲ್ಲಾಗಲಿ, ಕಾಲು ಅಂಗುಲ ಆಳಕ್ಕೆ, ಎರಡೂ ಬದಿ ಓರೆಯಾಗಿ. ಬಣ್ಣ ಹೋದರೂ ನೆರಳು ಓದಿಸುತ್ತದೆ.

ಹಳೆಯ ಕಲ್ಲುಗಳನ್ನು ನೋಡುವವರಿಗೂ ನೆರಳೇ ದಾರಿ. ಮಧ್ಯಾಹ್ನ ಹೋಗಬೇಡಿ, ನೆತ್ತಿಯ ಬಿಸಿಲಿನಲ್ಲಿ ಎಲ್ಲವೂ ಚಪ್ಪಟೆ. ಬೆಳಿಗ್ಗೆ ಎಂಟರ ಒಳಗೆ, ಇಲ್ಲವೇ ಸಂಜೆ ಐದರ ಮೇಲೆ ಅಡ್ಡ ಬಿಸಿಲು ಬೀಳುವಾಗ ಬದಿಯಿಂದ ನೋಡಬೇಕು. ಹಾಗೂ ಕಾಣದಿದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಒತ್ತಿ ಹಿಡಿದು ಬೆಳಕು ಹಾಯಿಸಬೇಕು. ಪಾಚಿ ತೆಗೆಯಲು ನೀರು, ತೆಂಗಿನ ನಾರು ಸಾಕು. ತಂತಿಯ ಬ್ರಷ್, ಆಸಿಡ್ ಬೇಡವೇ ಬೇಡ. ಅಕ್ಷರ ಕಾಣಲೆಂದು ಸುಣ್ಣ, ಪೇಂಟ್ ಬಳಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಬಣ್ಣ ಬಳಿದವನು ತನಗೆ ಕಂಡದ್ದನ್ನು ಬಳಿದಿರುತ್ತಾನೆ, ಮುಂದಿನವನು ಓದುವುದು ಅವನ ಊಹೆಯನ್ನು. ಶಾಸನ ಬಲ್ಲವರು ಪಡಿಯಚ್ಚು ತೆಗೆಯುವ ಕ್ರಮ ಸರಳ: ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಗಟ್ಟಿ ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಕುಳಿಗಳೊಳಗೆ ಕಾಗದ ಇಳಿಸಿ, ಅರೆ ಒಣಗಿದಾಗ ಬಟ್ಟೆಯ ಉಂಡೆಯಿಂದ ಮಸಿ ಒತ್ತುತ್ತಾರೆ. ಉಬ್ಬಿದ್ದೆಲ್ಲ ಕಪ್ಪು, ಕುಳಿ ಬಿಳಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಕಾಗದದ ಬದಲು ತ್ರೀಡಿ ಸ್ಕ್ಯಾನರ್ ಹಿಡಿದು ಆ ಸುತ್ತಿನ ಕಲ್ಲುಗಳ ಪ್ರತಿ ಗೀರನ್ನೂ ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ. ಅಂಥ ಕೆಲಸ ಘಟ್ಟ ಇಳಿದು ಬರುವ ತನಕ, ಗದ್ದೆ ಬದುವಿನಲ್ಲಿ ಸೂರ್ಯ ಚಂದ್ರ ಕೆತ್ತಿದ ಕಲ್ಲೊಂದು ಕಂಡವರು ಅದನ್ನು ಅಲ್ಲೇ ಬಿಟ್ಟು, ಫೋಟೋ ತೆಗೆದು, ಇದ್ದ ಜಾಗ ಬರೆದುಕೊಂಡು ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ತಿಳಿಸಿದರಾಯಿತು. ಫೋಟೋ ತೆಗೆಯುವಾಗ ಮಣ್ಣಿನಲ್ಲಿ ಹೂತ ಬುಡವೂ ಬರಲಿ, ಕೆಳಗಿನ ಪಟ್ಟಿಕೆ ಎಷ್ಟೋ ಸಲ ಅರ್ಧ ಅಲ್ಲೇ ಇರುತ್ತದೆ.